ದೊಡ್ಡ ಟೆಕ್ ಕಂಪನಿಯಿಂದ ಆಫರ್ ಬಂತಾ? ಸಹಿ ಹಾಕುವ ಮುಂಚೆ ಹೀಗೆ ತೂಗಿ ನೋಡಿ

ಕ್ಯಾಂಪಸ್ ಸೀಸನ್ ಶುರುವಾಯಿತು ಅಂದ್ರೆ ಹುಬ್ಬಳ್ಳಿಯ ವಿದ್ಯಾನಗರದ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಯಾರಿಗೆ ಎಲ್ಲಿ ಆಯಿತು, ಪ್ಯಾಕೇಜ್ ಎಷ್ಟು, ಅಷ್ಟೇ. ಕೆಎಲ್‌ಇ ಟೆಕ್ ಇರಲಿ, ಧಾರವಾಡದ ಎಸ್‌ಡಿಎಂ ಇರಲಿ, ಗದಗಿನ ತೋಂಟದಾರ್ಯ ಕಾಲೇಜು ಇರಲಿ, ಹಾವೇರಿಯ ದೇವಗಿರಿಯಲ್ಲಿರುವ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇರಲಿ, ಹುಡುಗ ಹುಡುಗಿಯರು ಆಫರ್ ಲೆಟರ್ ಕಳಿಸಿ ಕೇಳುವುದು ಒಂದೇ: ಸೇರಲಾ, ಬೇಡ್ವಾ?

ನಾನು ಅವರಿಗೆ ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ತಿಂಗಳಿಗೆ ಕೈಗೆ ಎಷ್ಟು ಬರುತ್ತೆ? ಯಾವ ಟೀಮು, ಅಲ್ಲಿ ಏನು ಕೆಲಸ? ಎಲ್ಲಿ ಇರಬೇಕು? ಹೆಚ್ಚಿನವರಿಗೆ ಮೂರಕ್ಕೂ ಉತ್ತರ ಗೊತ್ತಿರುವುದಿಲ್ಲ. ಕಂಪನಿ ಹೆಸರು ಗೊತ್ತಿರುತ್ತೆ, ಲೆಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದ ಒಂದು ಅಂಕಿ ಗೊತ್ತಿರುತ್ತೆ. ಆದರೆ ಮುಂದಿನ ಎರಡು ಮೂರು ವರ್ಷ ನಿಮ್ಮ ಬದುಕು ಹೇಗಿರುತ್ತೆ ಅನ್ನೋದನ್ನ ತೀರ್ಮಾನ ಮಾಡುವುದು ಈ ಮೂರೇ ವಿಷಯ.

ನಮ್ಮ ಕಡೆ ಕಂಪನಿ ಹೆಸರಿಗೆ ಇಷ್ಟು ತೂಕ ಯಾಕೆ ಅನ್ನೋದು ಅರ್ಥ ಆಗುತ್ತೆ. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರು ಕೊಟ್ಟ 10 ಸಾವಿರ ರೂಪಾಯಿಯಿಂದ 1981ರಲ್ಲಿ ಇನ್ಫೋಸಿಸ್ ಶುರುವಾಯಿತು ಅನ್ನೋದು ಇಲ್ಲಿ ಮನೆಮನೆಗೂ ಗೊತ್ತಿರುವ ಸುದ್ದಿ. ಮಗ ದೊಡ್ಡ ಕಂಪನಿಯಲ್ಲಿದ್ದಾನೆ ಅಂದ್ರೆ ಬ್ಯಾಂಕಿನವರು ಸಾಲ ಕೊಡುತ್ತಾರೆ, ಬೀಗರು ಹೆಣ್ಣು ಕೊಡುತ್ತಾರೆ. ಇದೆಲ್ಲ ನಿಜವಾದ ಲಾಭವೇ, ಸುಳ್ಳಲ್ಲ. ಅಪ್ಪ ಅಮ್ಮನಿಗೆ ಆಗುವ ಸಂತೋಷವನ್ನ ಕಡಿಮೆ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಎದ್ದು ಆ ಕೆಲಸ ಮಾಡಬೇಕಾದವರು ನೀವು, ಅಲ್ವಾ?

ಮೊದಲು ಇದು ಯಾವ ಥರದ ದೊಡ್ಡ ಕಂಪನಿ ಅಂತ ನೋಡಿ

ದೊಡ್ಡ ಟೆಕ್ ಕಂಪನಿ ಅಂತ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಬೇಡಿ. ಟಿಸಿಎಸ್, ಇನ್ಫೋಸಿಸ್, ವಿಪ್ರೊ ಥರದವು ಸರ್ವಿಸ್ ಕಂಪನಿಗಳು. ಬೇರೆ ದೇಶದ ಬ್ಯಾಂಕು, ಅಂಗಡಿ, ವಿಮಾನ ಕಂಪನಿಗಳ ಕೆಲಸ ಗುತ್ತಿಗೆಗೆ ತಂದು ಮಾಡಿ ಕೊಡುತ್ತವೆ. ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್ ತಮ್ಮದೇ ಸಾಫ್ಟ್‌ವೇರ್ ಮಾಡಿ ಮಾರುವವು. ಮೂರನೆಯ ಥರ ಈಚೆಗೆ ಭಾಳ ಬೆಳೆದಿದೆ. ವಿದೇಶಿ ಬ್ಯಾಂಕು, ಕಾರು ಕಂಪನಿ, ಔಷಧ ಕಂಪನಿಗಳು ಇಲ್ಲೇ ಸ್ವಂತ ಆಫೀಸು ತೆರೆದು ತಮ್ಮ ಕೆಲಸ ತಾವೇ ಮಾಡಿಸಿಕೊಳ್ಳುತ್ತವೆ. ಅವಕ್ಕೆ ಜಿಸಿಸಿ ಅಂತಾರೆ. ಐಟಿ ಕಂಪನಿಗಳ ಸಂಘವಾದ ನಾಸ್ಕಾಂನ 2024ರ ವರದಿ ಪ್ರಕಾರ ದೇಶದಲ್ಲಿ 1,700ಕ್ಕೂ ಜಾಸ್ತಿ ಜಿಸಿಸಿಗಳಿದ್ದವು, ಅವುಗಳಲ್ಲಿ ಸುಮಾರು 19 ಲಕ್ಷ ಜನ ಕೆಲಸ ಮಾಡುತ್ತಿದ್ದರು.

ಸರ್ವಿಸ್ ಕಂಪನಿಯಲ್ಲಿ ನಿಮ್ಮ ಅದೃಷ್ಟ ಪ್ರಾಜೆಕ್ಟಿನ ಮೇಲೆ ನಿಂತಿರುತ್ತೆ. ಒಳ್ಳೆ ಪ್ರಾಜೆಕ್ಟು ಸಿಕ್ಕರೆ ಎರಡು ವರ್ಷದಲ್ಲಿ ಪಕ್ಕಾ ಇಂಜಿನಿಯರ್ ಆಗುತ್ತೀರಿ. ಹಳೇ ಸಾಫ್ಟ್‌ವೇರ್ ಕಾಯುವ ಸಪೋರ್ಟ್ ಪ್ರಾಜೆಕ್ಟು ಸಿಕ್ಕರೆ ರಾತ್ರಿ ಪಾಳಿಯಲ್ಲಿ ಟಿಕೆಟ್ (ದಾಖಲಾದ ದೂರು, ಕೆಲಸ) ಮುಚ್ಚುತ್ತಾ ಕೂರುತ್ತೀರಿ. ಪ್ರಾಜೆಕ್ಟೇ ಸಿಗದಿದ್ದರೆ ಬೆಂಚು. ಸಂಬಳ ಬರುತ್ತಿರುತ್ತೆ, ಕೆಲಸ ಇರುವುದಿಲ್ಲ. ಮೊದಮೊದಲು ಆರಾಮ ಅನಿಸುತ್ತೆ, ಆಮೇಲೆ ಭಯ ಆಗುತ್ತೆ. ತಮ್ಮದೇ ಸಾಫ್ಟ್‌ವೇರ್ ಮಾಡುವ ಕಂಪನಿಗಳಲ್ಲಿ ದುಡ್ಡು ಜಾಸ್ತಿ, ಒಳಗೆ ಹೋಗುವುದು ಕಷ್ಟ, ಹೋದ ಮೇಲೆ ನಿರೀಕ್ಷೆಯೂ ಅಷ್ಟೇ ಜಾಸ್ತಿ. ಜಿಸಿಸಿಗಳು ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತವೆ. ಆದರೆ ದೊಡ್ಡ ತೀರ್ಮಾನಗಳು ಎಷ್ಟೋ ಸಲ ಹೊರದೇಶದ ಹೆಡ್ ಆಫೀಸಿನಲ್ಲೇ ಆಗುತ್ತವೆ.

ಇನ್ನು ದುಡ್ಡಿನ ಲೆಕ್ಕ

ಇದನ್ನ ಕೈಯಲ್ಲಿ ಪೆನ್ನು ಹಿಡಿದೇ ಮಾಡಿ. ಸಿಟಿಸಿ, ಅಂದ್ರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 3.6 ಲಕ್ಷ ಅಂತ ಲೆಟರ್ ಬಂದಿದೆ ಅಂದುಕೊಳ್ಳಿ. 12ರಿಂದ ಭಾಗಿಸಿ 30 ಸಾವಿರ ಅಂತ ಮನೆಯಲ್ಲಿ ಹೇಳಿಬಿಡುತ್ತಾರೆ. ಹಾಗೆ ಬರುವುದಿಲ್ಲ. ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಪಾಲೂ ಆ 3.6 ಲಕ್ಷದೊಳಗೇ ಇರುತ್ತೆ. ಬೇಸಿಕ್ (ಮೂಲ ಸಂಬಳ) ತಿಂಗಳಿಗೆ 15 ಸಾವಿರ ಇದ್ದರೆ ಅದರ 12 ಪರ್ಸೆಂಟ್ 1,800 ರೂಪಾಯಿ, ವರ್ಷಕ್ಕೆ 21,600. ಗ್ರ್ಯಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಅಂತ ಬೇಸಿಕ್‌ನ 4.81 ಪರ್ಸೆಂಟ್ ಹಿಡಿಯುತ್ತಾರೆ, ಅದು ವರ್ಷಕ್ಕೆ 8,658. ವೇರಿಯಬಲ್ ಪೇ ಅಂತ 24 ಸಾವಿರ ಇಟ್ಟಿದ್ದಾರೆ, ಇನ್ಶೂರೆನ್ಸ್ ಪ್ರೀಮಿಯಂ ಸುಮಾರು 5,700 ಇದೆ ಅಂತಿಟ್ಟುಕೊಳ್ಳೋಣ. ಇಷ್ಟನ್ನೂ ಕಳೆದರೆ ಉಳಿಯುವುದು ಹೆಚ್ಚು ಕಡಿಮೆ 3 ಲಕ್ಷ, ತಿಂಗಳಿಗೆ 25 ಸಾವಿರ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ಕರ್ನಾಟಕದ ವೃತ್ತಿ ತೆರಿಗೆ 200 ಹೋಗುತ್ತೆ. ಕೈಗೆ ಬಂದದ್ದು 23 ಸಾವಿರ.

30 ಸಾವಿರಕ್ಕೂ 23 ಸಾವಿರಕ್ಕೂ ಎಷ್ಟು ವ್ಯತ್ಯಾಸ ನೋಡಿ. ಪಿಎಫ್ ನಿಮ್ಮದೇ ದುಡ್ಡು, ಮುಂದೆ ಸಿಗುತ್ತೆ, ಅದರ ಬಗ್ಗೆ ಬೇಜಾರು ಬೇಡ. ಗ್ರ್ಯಾಚ್ಯುಟಿ ಹಾಗಲ್ಲ. ಕಾಯಂ ನೌಕರರಿಗೆ 5 ವರ್ಷ ಸೇವೆ ಮುಗಿದ ಮೇಲೆಯೇ ಅದು ಸಿಗುವುದು. ಎರಡು ವರ್ಷಕ್ಕೆ ಬಿಟ್ಟು ಹೋದರೆ ಸಿಟಿಸಿಯಲ್ಲಿ ತೋರಿಸಿದ ಆ ದುಡ್ಡು ನಿಮಗಿಲ್ಲ. ವೇರಿಯಬಲ್ ಕೂಡ ಪೂರ್ತಿ ಬಂದೇ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಕಂಪನಿಯ ಲಾಭ, ನಿಮ್ಮ ರೇಟಿಂಗ್ ಎರಡೂ ನೋಡಿ ಕೊಡುತ್ತಾರೆ. ಜಾಯಿನಿಂಗ್ ಬೋನಸ್ ಕೊಟ್ಟಿದ್ದರೆ ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಆ ಸಾಲನ್ನ ಹುಡುಕಿ ಓದಿ.

ಈಗ ಬೆಂಗಳೂರಿನ ಖರ್ಚು. ಇಬ್ಬರು ಹಂಚಿಕೊಳ್ಳುವ ಪಿಜಿ, ಊಟ ಸೇರಿ ಸುಮಾರು 10 ಸಾವಿರ. ಓಡಾಟ, ಫೋನು, ವಾರಕ್ಕೊಮ್ಮೆ ಹೊರಗೆ ಊಟ, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವುದು ಎಲ್ಲ ಸೇರಿದರೆ ಇನ್ನೊಂದು 6-7 ಸಾವಿರ. ಶಿಕ್ಷಣ ಸಾಲದ ಕಂತಿದ್ದರೆ ಮುಗೀತು, ಉಳಿತಾಯ ಇಲ್ಲ. ಹಾಗಂತ ಬೇಡ ಅನ್ನಬೇಕಿಲ್ಲ. ಮೊದಲ ಎರಡು ವರ್ಷ ಉಳಿತಾಯ ಆಗುವುದಿಲ್ಲ ಅಂತ ಮನೆಯವರಿಗೆ ಈಗಲೇ ಸ್ಪಷ್ಟವಾಗಿ ಹೇಳಿಬಿಡಿ. ಮಗ ಸಾಫ್ಟ್‌ವೇರ್ ಅಂತ ಮನೆ ಕಟ್ಟಲು ಸಾಲ ಎತ್ತಿ, ಕಂತು ಹುಡುಗನ ತಲೆಗೆ ಕಟ್ಟಿದ ಮನೆಗಳನ್ನ ನೋಡಿದ್ದೇನೆ. ಆ ಹುಡುಗ ಮುಂದೆ ಎಂಥ ಕೆಟ್ಟ ಪ್ರಾಜೆಕ್ಟಿನಲ್ಲಿದ್ದರೂ ಬಿಡುವ ಹಾಗಿಲ್ಲ.

ದೊಡ್ಡ ಪ್ಯಾಕೇಜುಗಳಲ್ಲಿ ಲೆಕ್ಕ ಬೇರೆ. 30 ಲಕ್ಷ ಅಂತ ಸುದ್ದಿ ಬಂದರೆ ಒಳಗೆ ಬಿಡಿಸಿ ನೋಡಿ. ಸಂಬಳ 17 ಲಕ್ಷ, ಮೊದಲ ವರ್ಷದ ಬೋನಸ್ 3 ಲಕ್ಷ, ಉಳಿದ 10 ಲಕ್ಷ ಕಂಪನಿಯ ಷೇರು ಅಂತಿರಬಹುದು. ಷೇರುಗಳನ್ನ ಒಮ್ಮೆಲೇ ಕೊಡುವುದಿಲ್ಲ, ಸಾಮಾನ್ಯವಾಗಿ 4 ವರ್ಷದ ಮೇಲೆ ಹಂಚಿ ಕೊಡುತ್ತಾರೆ. ಎಲ್ಲರೂ ಸಮವಾಗಿ ಹಂಚುತ್ತಾರೆ ಅಂತಲೂ ಇಲ್ಲ. ಅಮೆಜಾನ್‌ನಲ್ಲಿ ಬಹಳ ಕಾಲದಿಂದ ಮೊದಲ ವರ್ಷ 5 ಪರ್ಸೆಂಟ್, ಎರಡನೇ ವರ್ಷ 15, ಆಮೇಲಿನ ಎರಡು ವರ್ಷ ನಲವತ್ತು ನಲವತ್ತು ಅನ್ನುವ ಪದ್ಧತಿ ನಡೆದು ಬಂದಿದೆ. ಅಂದ್ರೆ ಬೇಗ ಬಿಟ್ಟರೆ ಷೇರಿನ ಹೆಚ್ಚಿನ ಪಾಲು ಅಲ್ಲೇ ಉಳಿಯುತ್ತೆ.

ಷೇರು ಕೈಗೆ ಬಂದ ದಿನದ ಬೆಲೆಯನ್ನ ಸಂಬಳದ ಥರವೇ ನೋಡಿ ತೆರಿಗೆ ಹಾಕುತ್ತಾರೆ. ಮಾರಿದಾಗ ಲಾಭ ಬಂದರೆ ಅದಕ್ಕೆ ಬೇರೆ ತೆರಿಗೆ. ಅಮೆರಿಕದ ಕಂಪನಿಯ ಷೇರಾದರೆ ರಿಟರ್ನ್ ಹಾಕುವಾಗ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎನಲ್ಲಿ ತೋರಿಸಲೇಬೇಕು, ಒಂದು ರೂಪಾಯಿ ಮಾರದೇ ಇದ್ದರೂ. ಸ್ಥಿರಾಸ್ತಿ ಬಿಟ್ಟು ನಿಮ್ಮ ವಿದೇಶಿ ಆಸ್ತಿ 20 ಲಕ್ಷ ದಾಟಿದ್ದರೆ, ತೋರಿಸದಿದ್ದಕ್ಕೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ ಬೀಳಬಹುದು. ಮೊದಲ ವರ್ಷ ಇದು ಗೊತ್ತಿರುವ ಸಿಎ ಹತ್ತಿರ ಹೋಗಿ, ದುಡ್ಡು ಉಳಿಸಲು ಹೋಗಬೇಡಿ.

ಒಳಗೆ ನಿಜವಾಗಿ ಏನು ಸಿಗುತ್ತೆ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಶಿಸ್ತು. ಒಂದು ಬ್ಯಾಂಕಿನ ಆ್ಯಪ್‌ನಲ್ಲಿ ದಿನಾಂಕ ತೋರಿಸುವ ರೀತಿ ಬದಲಿಸಬೇಕು ಅಂತಿಟ್ಟುಕೊಳ್ಳಿ. ಕೋಡ್ ಬರೆಯಲು ಹತ್ತು ನಿಮಿಷ ಸಾಕು. ಚಿಕ್ಕ ಕಂಪನಿಯಲ್ಲಿ ಬೆಳಿಗ್ಗೆ ಬರೆದು ಮಧ್ಯಾಹ್ನ ಬಿಡುಗಡೆ ಮಾಡಿಬಿಡುತ್ತಾರೆ. ದೊಡ್ಡ ಕಂಪನಿಯಲ್ಲಿ ಮೊದಲು ಟಿಕೆಟ್. ಈ ದಿನಾಂಕವನ್ನ ಬೇರೆ ಯಾವ ಟೀಮು ಓದುತ್ತೆ ಅಂತ ವಿಚಾರಿಸಬೇಕು. ಕೋಡ್ ಜೊತೆ ಟೆಸ್ಟ್ ಬರೆಯಬೇಕು. ಇಬ್ಬರು ಸೀನಿಯರ್ ಸಾಲು ಸಾಲು ಓದಿ, ಫೆಬ್ರವರಿ 29 ಬಂದರೆ ಏನಾಗುತ್ತೆ, ಫೋನಿನ ಭಾಷೆ ಕನ್ನಡದಲ್ಲಿದ್ದರೆ ಏನಾಗುತ್ತೆ ಅಂತ ಕೇಳುತ್ತಾರೆ. ಸೆಕ್ಯುರಿಟಿ ಪರೀಕ್ಷೆ ಆಗುತ್ತೆ. ಮೊದಲು ನೂರಕ್ಕೆ ಒಬ್ಬ ಗ್ರಾಹಕನಿಗೆ ಮಾತ್ರ ಬಿಟ್ಟು, ಗ್ರಾಫ್ ನೋಡುತ್ತಾ ಕೂತು, ಎಲ್ಲ ಸರಿ ಇದ್ದರೆ ನೂರಕ್ಕೆ ಹತ್ತು ಜನಕ್ಕೆ, ಆಮೇಲೆ ಎಲ್ಲರಿಗೂ. ಕೆಟ್ಟರೆ ತಕ್ಷಣ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಮೊದಲೇ ಸಿದ್ಧ ಇರಬೇಕು. ಹತ್ತು ನಿಮಿಷದ ಕೋಡು ಗ್ರಾಹಕನ ಫೋನಿಗೆ ಹೋಗಲು ಹತ್ತು ದಿನ ಹಿಡಿಯಿತು.

ಕಿರಿಕಿರಿ ಅನಿಸುತ್ತೆ. ಆದರೆ ಲಕ್ಷಾಂತರ ಜನ ಬಳಸುವ ಸಾಫ್ಟ್‌ವೇರ್ ಯಾಕೆ ಬೀಳುವುದಿಲ್ಲ ಅನ್ನೋದು ತಿಳಿಯುವುದು ಇಲ್ಲೇ. ಕಾಲೇಜಿನಲ್ಲಿ ಇದನ್ನ ಯಾರೂ ಹೇಳಿಕೊಡುವುದಿಲ್ಲ. ನಿಮ್ಮ ಕೋಡನ್ನ ಬೇರೆಯವರು ಓದಿ ತಪ್ಪು ಹೇಳಿದಾಗ ಮುಖ ಸಣ್ಣದು ಮಾಡಿಕೊಳ್ಳದೆ ಕೇಳುವುದನ್ನ ಕಲಿತರೆ ಅದು ಜೀವಮಾನದ ಆಸ್ತಿ.

ಎರಡನೆಯದು ಕಾನೂನಿನ ರಕ್ಷಣೆ. ಇದನ್ನ ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕು. 26 ವಾರ ಹೆರಿಗೆ ರಜೆ ಕಾನೂನಿನಲ್ಲೇ ಇದೆ. 50 ಮತ್ತು ಅದಕ್ಕಿಂತ ಜಾಸ್ತಿ ನೌಕರರಿರುವಲ್ಲಿ ಶಿಶುವಿಹಾರದ ಸೌಲಭ್ಯ ಇರಬೇಕು. 10 ಜನರಿದ್ದರೆ ಸಾಕು, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತೆ. ಚಿಕ್ಕ ಕಂಪನಿಗಳಲ್ಲಿ ಇವು ಎಷ್ಟೋ ಕಡೆ ಬರೀ ಕಾಗದದ ಮೇಲೆ. ದೊಡ್ಡ ಕಂಪನಿಗಳಲ್ಲಿ ಹೆಸರು ಕೆಡುವ ಹೆದರಿಕೆಗಾದರೂ ನಡೆಸುತ್ತಾರೆ. ರಾತ್ರಿ ಪಾಳಿ ಇದ್ದರೆ ಮನೆ ಬಾಗಿಲಿನ ತನಕ ಕ್ಯಾಬ್ ಬರುತ್ತಾ, ಅಂತ ನಾಚಿಕೊಳ್ಳದೆ ಕೇಳಿ.

ಮೂರನೆಯದು ಇನ್ಶೂರೆನ್ಸ್. ಅಪ್ಪನಿಗೆ ಶುಗರ್ ಇದೆ, ಅಮ್ಮನಿಗೆ ಬಿಪಿ ಇದೆ ಅನ್ನೋ ಮನೆಗಳಲ್ಲಿ ತಂದೆ ತಾಯಿಯನ್ನೂ ಸೇರಿಸುವ ಗುಂಪು ವಿಮೆ ಎಷ್ಟು ದೊಡ್ಡ ಆಸರೆ ಅನ್ನೋದು ಆಸ್ಪತ್ರೆಯ ಬಿಲ್ ಬಂದ ದಿನ ಗೊತ್ತಾಗುತ್ತೆ. ಹೊರಗೆ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಗುಂಪು ವಿಮೆಯಲ್ಲಿ ಹೆಚ್ಚಾಗಿ ಮೊದಲ ದಿನದಿಂದಲೇ ಸಿಗುತ್ತೆ. ಕೇಳಬೇಕಾದ್ದು ಎರಡೇ. ಅಪ್ಪ ಅಮ್ಮ ಇದರಲ್ಲಿ ಬರುತ್ತಾರಾ, ಅವರ ಪ್ರೀಮಿಯಂ ಯಾರು ಕಟ್ಟುತ್ತಾರೆ?

ಇಂಗ್ಲಿಷ್ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ದೊಡ್ಡ ಕಂಪನಿ ಅಂದ್ರೆ ಮೀಟಿಂಗ್ ನೆನೆಸಿಕೊಂಡೇ ಹೆದರುತ್ತಾರೆ. ದಯವಿಟ್ಟು ಹೆದರಬೇಡಿ. ದೊಡ್ಡ ಕಂಪನಿಗಳಲ್ಲಿ ಮುಖ್ಯ ವಿಚಾರಗಳು ಬರಹದಲ್ಲಿ ಓಡಾಡುತ್ತವೆ. ಮೀಟಿಂಗ್‌ಗೆ ಮುಂಚೆ ಡಾಕ್ಯುಮೆಂಟ್ ಓದಿಕೊಂಡು, ಹೇಳಬೇಕಾದ್ದನ್ನ ನಾಲ್ಕು ಸಾಲು ಬರೆದಿಟ್ಟುಕೊಂಡು ಕೂತರೆ ಆರು ತಿಂಗಳಲ್ಲಿ ದಾರಿಗೆ ಬರುತ್ತೀರಿ. ಸುಮ್ನೆ ಚೆನ್ನಾಗಿ ಮಾತಾಡುವವರಿಗಿಂತ ಬರೆದು ಸ್ಪಷ್ಟವಾಗಿ ಹೇಳುವವರಿಗೆ ಅಲ್ಲಿ ಬೆಲೆ ಇದೆ.

ಏನು ಕಳೆದುಕೊಳ್ಳುತ್ತೀರಿ

ದೊಡ್ಡ ಕಂಪನಿಯಲ್ಲಿ ಕೆಲಸ ತುಂಡು ತುಂಡಾಗಿ ಸಿಗುತ್ತೆ. ನಿಮ್ಮ ಕೈಗೆ ಬರುವುದು ಒಂದೇ ತುಂಡು. ಪೂರ್ತಿ ಸಾಫ್ಟ್‌ವೇರ್ ಹೇಗೆ ಹುಟ್ಟುತ್ತೆ, ಗ್ರಾಹಕ ಯಾಕೆ ದುಡ್ಡು ಕೊಡುತ್ತಾನೆ, ಅವನಿಗೆ ಏನು ಸಿಟ್ಟು ಬರುತ್ತೆ, ಇದ್ಯಾವುದೂ ಕಾಣದೆ ಐದು ವರ್ಷ ಕಳೆದುಬಿಡಬಹುದು. ಜೊತೆಗೆ ಒಳಗಿನ ಸಲಕರಣೆಗಳು ಒಳಗೇ ಇರುತ್ತವೆ. ಗೂಗಲ್ ತನ್ನ ಸರ್ವರ್‌ಗಳನ್ನ ನಡೆಸುವುದು ಬೋರ್ಗ್ ಅನ್ನೋ ವ್ಯವಸ್ಥೆಯಲ್ಲಿ. ಆ ಅನುಭವದಿಂದ ಹುಟ್ಟಿದ, ಅಂಥದೇ ಕೆಲಸ ಮಾಡುವ ಕುಬರ್ನೆಟಿಸ್ ಅನ್ನೋ ಸಾಫ್ಟ್‌ವೇರನ್ನ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೊರಗಿನ ಜಗತ್ತು ಬಳಸುವುದು ಕುಬರ್ನೆಟಿಸ್. ಒಳಗಿದ್ದು ಬೋರ್ಗ್ ಮಾತ್ರ ಬಲ್ಲವರು ಹೊರಗೆ ಬಂದಾಗ ಇನ್ನೊಮ್ಮೆ ಕಲಿಯಬೇಕು. ಸಣ್ಣ ಮಟ್ಟದಲ್ಲಿ ಪ್ರತಿ ದೊಡ್ಡ ಕಂಪನಿಯಲ್ಲೂ ಹೀಗೆಯೇ. ಅದಕ್ಕೇ ನಾಲ್ಕು ಜನ ಬಳಸುವ ಯಾವುದಾದರೂ ಸಾಮಾನ್ಯ ತಂತ್ರಜ್ಞಾನವನ್ನ ಮನೆಯಲ್ಲಿ ಅಭ್ಯಾಸ ಮಾಡುತ್ತಿರಿ.

ಸಮಯದ ವಿಷಯ. ಅಮೆರಿಕದ ಕ್ಲೈಂಟ್ ಇದ್ದರೆ ಅವರಿಗೆ ಬೆಳಗಾದಾಗ ನಮಗೆ ರಾತ್ರಿ ಊಟದ ಹೊತ್ತು. ವಾರಕ್ಕೆ ಎರಡು ದಿನ ರಾತ್ರಿ ಕಾಲ್ ಅಂದ್ರೆ ತಡೆದುಕೊಳ್ಳಬಹುದು. ದಿನಾ ಅಂದ್ರೆ ಆರೋಗ್ಯ ಹೋಗುತ್ತೆ. ಆನ್‌ಕಾಲ್ ಅಂತ ಇನ್ನೊಂದಿದೆ, ನಿಮ್ಮ ಸರದಿಯ ವಾರದಲ್ಲಿ ನಡುರಾತ್ರಿ ಫೋನ್ ಹೊಡೆದುಕೊಂಡರೂ ಎದ್ದು ಲ್ಯಾಪ್‌ಟಾಪ್ ತೆರೆಯಬೇಕು.

ಕೆಲಸದ ಭದ್ರತೆ ಬಗ್ಗೆ ನಮ್ಮ ಹಿರಿಯರಲ್ಲಿ ಒಂದು ನಂಬಿಕೆ ಇದೆ. ದೊಡ್ಡ ಕಂಪನಿ, ಸರ್ಕಾರಿ ನೌಕರಿ ಇದ್ದ ಹಾಗೆ ಅಂತ. ಅದನ್ನ ಬಿಟ್ಟುಬಿಡಿ. ಫೇಸ್‌ಬುಕ್ ನಡೆಸುವ ಮೆಟಾ 2022ರ ನವೆಂಬರ್‌ನಲ್ಲಿ 11 ಸಾವಿರ ಜನರನ್ನ ತೆಗೆಯಿತು. ಗೂಗಲ್ 2023ರ ಜನವರಿಯಲ್ಲಿ 12 ಸಾವಿರ. ಟಿಸಿಎಸ್ 2025ರ ಜುಲೈನಲ್ಲಿ ತನ್ನ ನೌಕರರಲ್ಲಿ ಸುಮಾರು 2 ಪರ್ಸೆಂಟ್, ಅಂದ್ರೆ 12 ಸಾವಿರಕ್ಕೂ ಜಾಸ್ತಿ ಜನರನ್ನ ಕಡಿಮೆ ಮಾಡುವುದಾಗಿ ಹೇಳಿತು. ಇಂಥ ಪಟ್ಟಿಯಲ್ಲಿ ಚೆನ್ನಾಗಿ ಕೆಲಸ ಮಾಡುವವರೂ ಇರುತ್ತಾರೆ, ಯಾಕಂದ್ರೆ ಎಷ್ಟೋ ಸಲ ಇಡೀ ವಿಭಾಗವನ್ನೇ ಮುಚ್ಚುತ್ತಾರೆ. ಇದಕ್ಕೆ ಇರುವ ಮದ್ದು ಒಂದೇ: ಆರು ತಿಂಗಳ ಖರ್ಚಿನ ದುಡ್ಡು ಬ್ಯಾಂಕಿನಲ್ಲಿ ಬೇರೆ ಇಟ್ಟಿರಿ, ಅದನ್ನ ಮದುವೆಗೂ ಮುಟ್ಟಬೇಡಿ.

ಫ್ರೆಶರ್‌ಗಳಿಗೆ ಇನ್ನೂ ಎರಡು ಗಂಡಾಂತರ. ಒಂದು, ಆಫರ್ ಲೆಟರ್ ಕೊಟ್ಟರೂ ಸೇರುವ ದಿನಾಂಕ ಕೊಡದೆ ತಿಂಗಳುಗಟ್ಟಲೆ ಕಾಯಿಸುವುದು. 2022ರ ಬ್ಯಾಚಿನ ಎಷ್ಟೋ ಮಕ್ಕಳು ಎರಡು ವರ್ಷದ ತನಕ ಕಾದರು. ಆಫರ್ ಕೈಯಲ್ಲಿದೆ ಅಂತ ಓದು ನಿಲ್ಲಿಸಬೇಡಿ, ಬೇರೆ ಕಡೆ ಅರ್ಜಿ ಹಾಕುತ್ತಲೇ ಇರಿ. ಕೆಲಸಕ್ಕೆ ಸೇರಿ ಸಂಬಳ ಬರುವ ತನಕ ಅದು ಬರೀ ಕಾಗದ. ಇನ್ನೊಂದು, ಟ್ರೈನಿಂಗ್ ಪರೀಕ್ಷೆ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್‌ನಲ್ಲಿ 300ಕ್ಕೂ ಹೆಚ್ಚು ಟ್ರೈನಿಗಳನ್ನ ಕಳಿಸಿಬಿಟ್ಟರು. ಮೂರು ಅವಕಾಶದಲ್ಲೂ ಪಾಸಾಗಲಿಲ್ಲ ಅಂತ ಕಂಪನಿ ಹೇಳಿತು. ಕ್ಯಾಂಪಸ್ ಚೆಂದ ಇದೆ, ಈಜುಕೊಳ ಇದೆ ಅಂತ ಮೈಮರೆಯುವ ಹಾಗಿಲ್ಲ. ಸೇರುವ ಮುಂಚೆಯೇ ಜಾವಾ ಅಥವಾ ಪೈಥಾನ್, ಡೇಟಾಬೇಸ್, ಮೂಲ ಅಲ್ಗಾರಿದಮ್ ಇಷ್ಟನ್ನ ಗಟ್ಟಿ ಮಾಡಿಕೊಂಡು ಹೋಗಿ.

ಬಾಂಡ್, ಅಂದ್ರೆ ಇಷ್ಟು ವರ್ಷ ಬಿಡುವುದಿಲ್ಲ ಅನ್ನೋ ಕರಾರು, ಇದ್ದರೆ ಓದಿ. ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡು ಅಂತ ಸೀನಿಯರ್‌ಗಳು ಹೇಳುತ್ತಾರೆ. ಅಷ್ಟು ಸುಲಭವಾಗಿ ತಗೊಳ್ಳಬೇಡಿ. 2025ರಲ್ಲಿ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ, ಮೂರು ವರ್ಷ ಮುಗಿಯುವ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋ ಕರಾರನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಎಷ್ಟು ವರ್ಷ, ಎಷ್ಟು ದುಡ್ಡು ಅಂತ ನೋಡಿಕೊಂಡೇ ಸಹಿ ಮಾಡಿ. ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತಗೊಳ್ಳಿ.

ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) ಸರ್ವಿಸ್ ಕಂಪನಿಗಳಲ್ಲಿ ಸಾಮಾನ್ಯವಾಗಿ 90 ದಿನ. ಇದು ಚಿಕ್ಕ ವಿಷಯ ಅಲ್ಲ. ಬೇರೆ ಕಂಪನಿಯವರಿಗೆ ಒಂದು ತಿಂಗಳಲ್ಲಿ ಜನ ಬೇಕಿರುತ್ತೆ, ನೀವು ಮೂರು ತಿಂಗಳು ಅಂದ ಕೂಡಲೇ ಮುಂದಿನವರನ್ನ ಕರೆಯುತ್ತಾರೆ. ದುಡ್ಡು ಕಟ್ಟಿ ದಿನ ಕಡಿಮೆ ಮಾಡಿಕೊಳ್ಳುವ ಅವಕಾಶ ಇದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಯಾರನ್ನ ಕೇಳಬೇಕು, ಏನು ಕೇಳಬೇಕು

ಎಚ್‌ಆರ್‌ನವರನ್ನ ಕೇಳಿದರೆ ಎಲ್ಲ ಚೆನ್ನಾಗಿದೆ ಅಂತಾರೆ, ಅದು ಅವರ ಕೆಲಸ. ನಿಮ್ಮ ಕಾಲೇಜಿನಿಂದ ಎರಡು ವರ್ಷ ಮುಂಚೆ ಅದೇ ಕಂಪನಿಗೆ ಹೋದವರನ್ನ ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಒಬ್ಬರಲ್ಲ, ಮೂವರನ್ನ ಹಿಡಿಯಿರಿ, ಆದರೆ ಅದರಲ್ಲಿ ಒಬ್ಬರು ಬಿಟ್ಟು ಹೋದವರಿರಲಿ. ಹೆಂಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಉತ್ತರ ಬರುತ್ತೆ. ಹೀಗೆ ಕೇಳಿ: ಕಳೆದ ವಾರ ಏನೇನು ಮಾಡಿದಿರಿ? ರಾತ್ರಿ ಎಷ್ಟು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದಿರಿ? ನಿಮ್ಮ ಬ್ಯಾಚಿನಲ್ಲಿ ಸೇರಿದವರು ಈಗ ಎಲ್ಲಿದ್ದಾರೆ? ಪ್ರಾಜೆಕ್ಟ್ ಬದಲಿಸಿ ಅಂತ ಕೇಳಿದಾಗ ಮ್ಯಾನೇಜರ್ ಏನಂದರು? ವಾರದ ವಿವರ ಕೇಳಿದರೆ ಯಾರೂ ಸುಳ್ಳು ಹೇಳಲು ಹೋಗುವುದಿಲ್ಲ.

ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಸಿಕ್ಕರೆ ಅವರಿಗೂ ಎರಡು ಪ್ರಶ್ನೆ ಇಟ್ಟುಕೊಳ್ಳಿ. ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷೆ ಮಾಡುತ್ತೀರಿ? ನನ್ನ ಕೋಡ್ ಯಾರು ರಿವ್ಯೂ ಮಾಡುತ್ತಾರೆ? ಎರಡನೇ ಪ್ರಶ್ನೆಗೆ ತಡವರಿಸಿದರೆ ಅಲ್ಲಿ ಕಲಿಸುವವರಿಲ್ಲ ಅಂತ ಅರ್ಥ. ಪ್ರಶ್ನೆ ಕೇಳಿದ್ದಕ್ಕೆ ಯಾರೂ ಆಫರ್ ವಾಪಸ್ ತಗೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ದೊಡ್ಡ ಕಂಪನಿಯಲ್ಲಿ ಹಿಂಬಾಗಿಲಿನಿಂದ ಕೆಲಸ ಕೊಡಿಸುತ್ತೇವೆ, ಒಂದೆರಡು ಲಕ್ಷ ಡಿಪಾಸಿಟ್ ಕಟ್ಟಿ ಅಂತ ಹೇಳುವವರು ನಮ್ಮ ಕಡೆಯೂ ಇದ್ದಾರೆ. ಹೊಲ ಒತ್ತೆ ಇಟ್ಟು ಕಟ್ಟಿದವರ ಗೋಳು ಕೇಳಲಾಗದು. ಹೆಸರುವಾಸಿ ಕಂಪನಿ ಯಾವುದೂ ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ, ಲ್ಯಾಪ್‌ಟಾಪ್ ಡಿಪಾಸಿಟ್ ಅಂತಲೂ ಕೇಳುವುದಿಲ್ಲ. ಆಫರ್ ಮೇಲ್ ಜಿಮೇಲ್ ವಿಳಾಸದಿಂದ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ಊರಲ್ಲೇ ಇರುವುದಾದರೆ

ಇದು ನನಗೆ ಭಾಳ ಹತ್ತಿರದ ವಿಷಯ. ನಮ್ಮ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಲೇಬೇಕು ಅನ್ನೋ ಕಾಲ ನಿಧಾನಕ್ಕೆ ಬದಲಾಗುತ್ತಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಇನ್ಫೋಸಿಸ್ ಕ್ಯಾಂಪಸ್ ಕಟ್ಟಿ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಶುರು ಮಾಡಿ ಅಂತ ಇಲ್ಲಿನ ಜನ ಪಟ್ಟು ಹಿಡಿದು ಕೇಳಿದರು, 2022ರಲ್ಲಿ ಕೆಲಸ ಶುರುವಾಯಿತು. 2024ರಲ್ಲಿ ಬೇರೆ ಊರಿಂದ ಹುಬ್ಬಳ್ಳಿಗೆ ಬರುವ ನೌಕರರಿಗೆ ಕಂಪನಿಯೇ ಪ್ರೋತ್ಸಾಹಧನ ಪ್ರಕಟಿಸಿತು. ಕೆಳಗಿನ ಹಂತದವರಿಗೆ ಎರಡು ವರ್ಷದಲ್ಲಿ ಒಟ್ಟು 1.25 ಲಕ್ಷ, ಮೇಲಿನ ಹಂತದವರಿಗೆ 8 ಲಕ್ಷದ ತನಕ. ಮನೆಯ ಊಟ ಮಾಡಿಕೊಂಡು ಅದೇ ಸಂಬಳದಲ್ಲಿ ಇಲ್ಲಿದ್ದರೆ, ಮೇಲೆ ಲೆಕ್ಕ ಹಾಕಿದ 23 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತೆ.

ಆದರೆ ತೊಂದರೆಯನ್ನೂ ಹೇಳಬೇಕು. ಇಲ್ಲಿನ ಕ್ಯಾಂಪಸ್ಸಿಗೆ ವರ್ಗ ಸಿಗುವುದು ಪ್ರಾಜೆಕ್ಟಿನ ಮೇಲೆ. ನಿಮ್ಮ ಟೀಮಿನ ಮುಖ್ಯಸ್ಥರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಬಡ್ತಿಯ ಮಾತು ಬಂದಾಗ ಎದುರಿಗಿರುವವರು ಮೊದಲು ನೆನಪಾಗುತ್ತಾರೆ. ಅದಕ್ಕೆ ತಿಂಗಳಿಗೊಮ್ಮೆಯಾದರೂ ಹೋಗಿ ಮುಖ ತೋರಿಸಿ ಬನ್ನಿ. 2023ರ ಜೂನ್‌ನಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ಓಡುತ್ತಿದೆ, ರಾತ್ರಿ ಬಸ್ಸುಗಳಂತೂ ಇದ್ದೇ ಇವೆ. ಇನ್ನೊಂದು, ಈ ಕೆಲಸ ಬಿಟ್ಟರೆ ಮುಂದೆ ಏನು ಅನ್ನೋ ಪ್ರಶ್ನೆ. ಬೆಂಗಳೂರಿನಲ್ಲಿ ರಸ್ತೆ ದಾಟಿದರೆ ಇನ್ನೊಂದು ಕಂಪನಿ ಸಿಗುತ್ತೆ. ಇಲ್ಲಿ ಆಯ್ಕೆ ಕಡಿಮೆ. ನನ್ನ ಸಲಹೆ ಇಷ್ಟೇ: ಮೊದಲ ಎರಡು ಮೂರು ವರ್ಷ ಕಲಿಯಲು ಎಲ್ಲಿ ಒಳ್ಳೆ ಟೀಮು ಸಿಗುತ್ತೋ ಅಲ್ಲಿ ಇರಿ, ಕೈಯಲ್ಲಿ ಕಸುಬು ಬಂದ ಮೇಲೆ ಇಲ್ಲಿಗೆ ಬರುವ ದಾರಿ ಹುಡುಕಿ.

ಚಿಕ್ಕ ಕಂಪನಿಗಳನ್ನ ಲೆಕ್ಕಕ್ಕೇ ತಗೊಳ್ಳದೆ ಬಿಡಬೇಡಿ. ಹೊಸ ಕಂಪನಿಗಳಿಗೆ ಆಸರೆ ಕೊಡುವ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್‌ನಲ್ಲಿ ಬೆಳೆಯುತ್ತಿರುವ ಕಂಪನಿಗಳಿವೆ, ಇಂದಿರಾ ಗಾಜಿನ ಮನೆ ಪಕ್ಕದ ಐಟಿ ಪಾರ್ಕಿನಲ್ಲೂ ಕೆಲವು ಇವೆ. ಅಂಥಲ್ಲಿ ಆರು ತಿಂಗಳಲ್ಲೇ ಸರ್ವರ್, ಡೇಟಾಬೇಸ್, ಗ್ರಾಹಕನ ಬೈಗುಳ ಎಲ್ಲವನ್ನೂ ನೋಡುತ್ತೀರಿ. ಹೇಳಿಕೊಡುವ ಸೀನಿಯರ್ ಒಬ್ಬರಾದರೂ ಇದ್ದಾರಾ, ಸಂಬಳ ಪ್ರತಿ ತಿಂಗಳು ಸರಿಯಾಗಿ ಆಗುತ್ತಾ, ಪಿಎಫ್ ಕಟ್ಟುತ್ತಾರಾ, ಈ ಮೂರನ್ನ ಅಲ್ಲಿ ಕೆಲಸ ಮಾಡುವವರಿಂದಲೇ ಖಚಿತ ಮಾಡಿಕೊಳ್ಳಿ.

ಸೇರಿದ ಮೇಲೆ

ಪ್ರತಿ ಶುಕ್ರವಾರ ಸಂಜೆ ಆ ವಾರ ಏನು ಮಾಡಿದಿರಿ ಅಂತ ಐದು ಸಾಲು ಬರೆದಿಡಿ. ಕಂಪನಿಯ ಕೋಡಾಗಲಿ ಗುಟ್ಟಾಗಲಿ ಅದರಲ್ಲಿ ಬೇಡ, ನಿಮ್ಮ ಕೆಲಸ ಮಾತ್ರ. ವರ್ಷದ ಕೊನೆಗೆ ರೇಟಿಂಗ್ ಬಂದಾಗ ಮ್ಯಾನೇಜರ್‌ಗೆ ಜನವರಿಯ ಕೆಲಸ ನೆನಪಿರುವುದಿಲ್ಲ, ಕಾಗದದಲ್ಲಿ ಇರುತ್ತೆ. ಒಂದು ವರ್ಷವಾದರೂ ಹೊಸದೇನೂ ಬರೆಯಲು ಇಲ್ಲ, ಅದೇ ಟಿಕೆಟ್ ಅದೇ ರಿಪೋರ್ಟ್ ಅನಿಸಿದರೆ ಮೊದಲು ಕಂಪನಿಯೊಳಗೇ ಬೇರೆ ಟೀಮಿಗೆ ಅರ್ಜಿ ಹಾಕಿ. ದೊಡ್ಡ ಕಂಪನಿಯ ದೊಡ್ಡ ಅನುಕೂಲ ಇದು, ಕೆಲಸ ಬಿಡದೆಯೇ ಕೆಲಸ ಬದಲಿಸಬಹುದು. ಸಾಕಷ್ಟು ಜನ ಇದನ್ನ ಕೇಳುವುದೇ ಇಲ್ಲ. ಅದೂ ಆಗದಿದ್ದರೆ ಹೊರಗೆ ನೋಡಿ, ಆದರೆ ಹೊಸ ಆಫರ್ ಕೈಗೆ ಬರುವ ತನಕ ರಾಜೀನಾಮೆ ಕೊಡಬೇಡಿ.

ಎಐ ಬಂದು ಕೆಲಸ ಹೋಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಹೇಳಿಕೊಟ್ಟಷ್ಟನ್ನೇ ಮಾಡುವ ಕೆಲಸ, ಒಂದೇ ಥರದ ಟೆಸ್ಟ್, ಒಂದೇ ಥರದ ಕೋಡ್, ಇವು ಈಗಲೇ ಕಡಿಮೆ ಆಗುತ್ತಿವೆ. ಇಂಥ ಕೆಲಸದಲ್ಲೇ ಕೂತಿದ್ದರೆ ಬೇಗ ಎದ್ದು ಬನ್ನಿ.

ಬಿಡುವಾಗ ಜಗಳ ಮಾಡಿಕೊಳ್ಳಬೇಡಿ, ಎಷ್ಟೇ ಸಿಟ್ಟಿದ್ದರೂ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16 ಎಲ್ಲವನ್ನೂ ಕಂಪನಿಯ ಲಾಗಿನ್ ಮುಚ್ಚುವ ಮುಂಚೆ ನಿಮ್ಮ ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ. ಪಿಎಫ್ ದುಡ್ಡು ತೆಗೆಯಬೇಡಿ, ಅದೇ ಯುಎಎನ್ ನಂಬರ್ (ನಿಮ್ಮ ಪಿಎಫ್‌ನ ಕಾಯಂ ಸಂಖ್ಯೆ) ಹೊಸ ಕಂಪನಿಗೆ ಕೊಟ್ಟು ವರ್ಗಾಯಿಸಿ. ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ನೋಟಿಸ್ ಅವಧಿ ನಡೆಯುತ್ತಿರುವಾಗಲೇ ಅದಕ್ಕೆ ಅರ್ಜಿ ಹಾಕಿ, ಅಪ್ಪ ಅಮ್ಮನ ಹೆಸರೂ ಅದರಲ್ಲಿ ಸೇರಿದೆಯಾ ಅಂತ ಪಾಲಿಸಿ ಕಾಗದ ತೆರೆದು ನೋಡಿಕೊಳ್ಳಿ.